ಡ್ರಾಪರ್ ಒಣಗಿಸುವ ವಿದ್ಯೆ

ನನಗೊಂದು ಹೆಮ್ಮೆಯಿದೆ. ಹೇಳಿದರೆ ನೀವು ನಗುತ್ತೀರಿ, ನಗಿರಿ. ಒಬ್ಬರಿಗೆ ಕಟ್ಟಿಸಿದ ಮನೆಯ ಹೆಮ್ಮೆ, ಇನ್ನೊಬ್ಬರಿಗೆ ಮೊಮ್ಮಗನ ಮಾರ್ಕಿನದು. ನನ್ನದು ಡ್ರಾಪರನ್ನು ತೊಳೆದು ಒಣಗಿಸುವುದರದು. ಕಣ್ಣಿಗೆ ಔಷಧ ಬಿಡುತ್ತಾರಲ್ಲ, ಅಂಥ ಗಾಜಿನ ಸಣ್ಣ ನಳಿಗೆ, ತಲೆಗೊಂದು ರಬ್ಬರಿನ ಟೊಪ್ಪಿಗೆ, ಅಷ್ಟೇ. ಇಡೀ ಬಾದಾಮಿಯಲ್ಲಿ ಅದನ್ನು ನನ್ನಷ್ಟು ಸ್ವಚ್ಛವಾಗಿ ತೊಳೆಯುವವರು ಇನ್ನೊಬ್ಬರಿಲ್ಲ. ಬೇರೆ ಯಾರೂ ತೊಳೆಯುವುದೇ ಇಲ್ಲ ಎಂದು ನನ್ನ ಹೆಂಡತಿ ಕಮಲಾ ಹೇಳುತ್ತಾಳೆ. ಪೈಪೋಟಿ ಇಲ್ಲವೆಂದ ಮಾತ್ರಕ್ಕೆ ಮೊದಲ ನಂಬರು ಸುಳ್ಳಾಗುವುದಿಲ್ಲ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ಮೇಲೆ ನನಗೆ ಅತ್ತರು ಬೆರೆಸುವ ಹುಚ್ಚು ಹಿಡಿಯಿತು. ಕೆರೂರಿನ ಸಂತೆಯಲ್ಲಿ ಅತ್ತರು ಮಾರುವ ದಸ್ತಗೀರಸಾಬರಿಂದ ಗಂಧ, ಲಾವಂಚ, ಮಲ್ಲಿಗೆಯ ಎಣ್ಣೆಗಳನ್ನು ತರುವುದು, ಇದರದು ಹತ್ತು ಹನಿ, ಅದರದು ಮೂರು ಹನಿ ಎಂದು ಕೂಡಿಸಿ, ಗಾಜಿನ ಕಡ್ಡಿಯಿಂದ ತಿರುವಿ, ಮೂಗಿಗೆ ಹಿಡಿದು ಕಣ್ಣು ಮುಚ್ಚುವುದು. ಕೆಲಸದ ಈ ಭಾಗ ನನಗೆ ಚೆನ್ನಾಗಿ ಬರುತ್ತಿತ್ತು. ಬಾರದೇ ಇದ್ದದ್ದು ಆಮೇಲಿನದು. ಇಷ್ಟು ವರ್ಷ ಪ್ರಯೋಗಾಲಯದಲ್ಲಿ ಕಳೆದರೂ ನಾನು ಕೈಯಾರೆ ಒಂದು ಪ್ರನಾಳ ತೊಳೆದವನಲ್ಲ. ಜವಾನ ಮಲ್ಲಪ್ಪ ತೊಳೆಯುತ್ತಿದ್ದ. ನಾನು ಬೋರ್ಡಿನ ಮೇಲೆ 'ಉಪಕರಣಗಳು ಸ್ವಚ್ಛವಾಗಿರಬೇಕು' ಎಂದು ದುಂಡಗೆ ಬರೆಯುತ್ತಿದ್ದೆ.

ಹೀಗಿರುವಾಗ ಮಗಳು ವೀಣಾಳ ಮದುವೆ ನಿಶ್ಚಯದ ದಿನ ಹತ್ತಿರ ಬಂತು. ಬೀಗರು ಇಳಕಲ್ಲಿನವರು. ಬಂದವರ ಮುಂಗೈಗೆ ಬಾಗಿಲಲ್ಲೇ ಅತ್ತರು ಹಚ್ಚುವುದು ನಮ್ಮ ಮನೆಯ ಪದ್ಧತಿ. ಈ ಸಲ ಹಚ್ಚುವುದು ನನ್ನದೇ ಅತ್ತರು ಎಂದು ಘೋಷಿಸಿಬಿಟ್ಟೆ. ಕಮಲಾ ಹಿಟ್ಟು ನಾದುವುದನ್ನು ನಿಲ್ಲಿಸಿದಳು.

"ಬೀಗರು ಮೂಗು ಮುಚಗೊಂಡು ಕೂತ್ರ ಹುಡುಗಿ ಮಾನ ಹೋಗ್ತದರಿ. ದಸ್ತಗೀರಸಾಬ್ರು ಹೂಂ ಅಂದ್ರ ಹಚ್ಚರಿ. ಇಲ್ಲಂದ್ರ ಸುಮ್ಮನ ಅವರ ಅಂಗಡಿದ ತರ್ರಿ."

ಮರುದಿನ ವೀಣಾ ಮೆಲ್ಲಗೆ ಬಂದು, "ಅಪ್ಪಾ, ನಿಮ್ಮ ಕೈದಽ ಇರ್ಲಿ. ಆದ್ರ ಛಲೋ ಆಗ್ಬೇಕು ನೋಡ್ರಿ" ಅಂದಳು. ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಮಗಳು ನಂಬಿದ ಮೇಲೆ ಹಿಂದೆ ಸರಿಯುವುದುಂಟೇ?

ಮೊದಲ ಸಂತೆಗೆ ಶೀಶೆಯನ್ನೂ ಸಾಮಾನುಗಳನ್ನೂ ಕಟ್ಟಿಕೊಂಡು ಹೋದೆ. ದಸ್ತಗೀರಸಾಬರು ಶೀಶೆಯನ್ನು ಪಕ್ಕಕ್ಕಿಟ್ಟು ಖಾಲಿ ಡ್ರಾಪರು ಕೇಳಿದರು. ಟೊಪ್ಪಿಗೆ ಕಿತ್ತು, ಮೂಗಿಗೆ ಹಿಡಿದು, ಬಹಳ ಗೌರವದಿಂದ ಹೇಳಿದರು.

"ಮಾಸ್ತರ, ಬ್ಯಾಳಿ ವಾಸನಿ ಬರ್ತೈತಲ್ರಿ. ಇಂಗಿನ ಒಗ್ಗರಣಿನೂ ಕೊಟ್ಟಂಗೈತಿ."

ಬಿಸಿಯಲ್ಲಿ ಎಲ್ಲವೂ ಶುದ್ಧವಾಗುತ್ತದೆ ಎಂಬ ಶಾಸ್ತ್ರ ನಂಬಿ, ಹಿಂದಿನ ದಿನ ಡ್ರಾಪರು, ಕಡ್ಡಿಗಳನ್ನೆಲ್ಲ ಕುಕ್ಕರಿನಲ್ಲಿ ಕುದಿಸಿದ್ದೆ. ಆ ಕುಕ್ಕರಿನಲ್ಲಿ ಇಪ್ಪತ್ತು ವರ್ಷದಿಂದ ಬೇಳೆ ಬೇಯುತ್ತಿದೆ ಎಂಬುದು ಶಾಸ್ತ್ರಕ್ಕೆ ಗೊತ್ತಿರಲಿಲ್ಲ. ರಬ್ಬರಿನ ಸ್ವಭಾವ ಕೆಲವು ನೆಂಟರಂತೆ, ಕೇಳಿಸಿಕೊಂಡದ್ದನ್ನು ಎಂದೂ ಮರೆಯುವುದಿಲ್ಲ. "ಅತ್ತರು ಹೆಂಗದ?" ಎಂದು ಕೇಳಿದೆ. "ಸಾಮಾನ ಸ್ವಚ್ಛ ಇಲ್ಲದ ಮ್ಯಾಲ ಅತ್ತರದ ಮಾತ ಯಾಕ್ರಿ?" ಎಂದು ಶೀಶೆಯನ್ನು ಮುಚ್ಚಳ ತೆಗೆಯದೆ ವಾಪಸು ಕೊಟ್ಟರು.

ಬಸ್ಸಿನಲ್ಲಿ ಕೂತು ಯೋಚಿಸಿದೆ. ನಮ್ಮೂರ ಗುಹೆಗಳನ್ನು ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ಕೆತ್ತಿಸಿದವರ ಹೆಸರು ಶಾಸನದಲ್ಲಿದೆ, ದಾನ ಕೊಟ್ಟವರ ಹೆಸರಿದೆ. ಸಂಜೆ ಕೆಲಸ ಮುಗಿದ ಮೇಲೆ ಉಳಿಗಳನ್ನು ಒರೆಸಿ, ಮಸೆದು, ತುಕ್ಕು ಹಿಡಿಯದಂತೆ ಎತ್ತಿಟ್ಟವರು ಯಾರು? ಯಾರೋ ಇದ್ದೇ ಇರಬೇಕು. ಇಲ್ಲದಿದ್ದರೆ ಅಷ್ಟು ಚೆಂದದ ಬೆರಳು, ಹುಬ್ಬು ಕಲ್ಲಿನಲ್ಲಿ ಮೂಡುತ್ತಿರಲಿಲ್ಲ. ಅವರಿಗೂ ಒಂದು ಸಾಲು ಬರೆದಿದ್ದರೆ ಕಲ್ಲೇನು ಕಡಿಮೆ ಬೀಳುತ್ತಿತ್ತೇ? ನನ್ನ ಮಲ್ಲಪ್ಪನೂ ನೆನಪಾದ. ಒಮ್ಮೆಯೂ ಅವನಿಗೆ ಶಾಬಾಸ್ ಅಂದವನಲ್ಲ ನಾನು. ನಾಚಿಕೆಯಾಯಿತು.

ಎರಡನೆಯ ಸಲ ಸಾಬೂನಿನಲ್ಲಿ ತೊಳೆದು, ಒಣಗಲೆಂದು ಮಾಳಿಗೆಯ ಮೇಲೆ ಸಾಲಾಗಿ ಇಟ್ಟೆ. ಬಾದಾಮಿಯಲ್ಲಿ ಹುಟ್ಟಿ ಬೆಳೆದವನು ಮಾಡಬಾರದ ತಪ್ಪು ಇದು. ಇಲ್ಲಿ ಮಾಳಿಗೆಗಳ ಕಾಗದಪತ್ರ ಮಾತ್ರ ನಮ್ಮ ಹೆಸರಿನಲ್ಲಿರುತ್ತದೆ, ವಹಿವಾಟೆಲ್ಲ ಮಂಗಗಳದು. ಒಂದು ಹಿರಿಯ ಮಂಗ ಡ್ರಾಪರ್ ಎತ್ತಿಕೊಂಡು ಟೊಪ್ಪಿಗೆ ಹಿಚುಕಿತು. ಒಳಗಿನ ಗಾಳಿ ಅದರ ಮೂಗಿಗೇ ಹೊಡೆಯಿತು. ನನ್ನ ಕಡೆ ಒಮ್ಮೆ ತಿರಸ್ಕಾರದಿಂದ ನೋಡಿ, ಡ್ರಾಪರನ್ನು ಬೀದಿಗೆ ಎಸೆಯಿತು. ಉಳಿದವನ್ನು ಅರೆಬರೆ ಒಣಗಿರುವಾಗಲೇ ಬಾಚಿಕೊಂಡು ಕೆಳಗೆ ಬಂದು, ಗಡಿಬಿಡಿಯಲ್ಲಿ ಅವುಗಳಿಂದಲೇ ಅತ್ತರು ಬೆರೆಸಿದೆ. ಕೆರೂರು ಮುಟ್ಟುವಷ್ಟರಲ್ಲಿ ಶೀಶೆಯೊಳಗಿನದು ಗಂಜಿಯ ತಿಳಿಯ ಹಾಗೆ ಮಬ್ಬಾಗಿತ್ತು.

ದಸ್ತಗೀರಸಾಬರು ಅದನ್ನು ಬೆಳಕಿಗೆ ಹಿಡಿದರು. "ನೀರ ಸೇರೈತ್ರಿ. ಎಣ್ಣಿಗೂ ನೀರಿಗೂ ಆಗಿಬರಂಗಿಲ್ಲ. ತೊಳಿಯಾಕ ಎಲ್ಲಾರಿಗೂ ಬರ್ತೈತಿ ಮಾಸ್ತರ, ಒಣಗಸಾಕ ಬರೂದಿಲ್ಲ. ಅದಕ್ಕ ತಡಕೋಬೇಕಾಗತೈತಿ."

ನಿಶ್ಚಯಕ್ಕೆ ಮೊದಲು ಉಳಿದದ್ದು ಒಂದೇ ಸಂತೆ. ವಿಜ್ಞಾನದ ಮಾಸ್ತರಿಕೆಯನ್ನು ಜೇಬಿನಲ್ಲಿಟ್ಟು, "ಹೆಂಗ ಒಣಗಸೂದು, ಹೇಳಿಕೊಡ್ರಿ" ಎಂದು ಕೇಳಿಯೇಬಿಟ್ಟೆ. ಅವರು ಗಿರಾಕಿಗಳನ್ನು ನಿಲ್ಲಿಸಿ ಹೇಳಿಕೊಟ್ಟರು.

ಟೊಪ್ಪಿಗೆ ಬೇರೆ, ನಳಿಗೆ ಬೇರೆ. ಬೆಚ್ಚಗಿನ ನೀರು, ಚೂರು ಸಾಬೂನು, ಮತ್ತೆ ಮತ್ತೆ ನೀರು, ಕೊನೆಗೆ ಸ್ಪಿರಿಟ್. ನಳಿಗೆಯ ಒಳಗೆ ಒರೆಸಲು ಹೊಸ ಕಸಬರಿಗೆಯ ಕಡ್ಡಿಗೆ ಹತ್ತಿ ಸುತ್ತಬೇಕು. ನಮ್ಮ ಮನೆಯಲ್ಲಿ ಕೈಗೆ ಸಿಕ್ಕ ಹತ್ತಿಯೆಂದರೆ ದೇವರ ಮುಂದಿನ ಹೂಬತ್ತಿಗೆ ಇಟ್ಟದ್ದು. ಕಮಲಾ ನೋಡಿಯೂ ನೋಡದ ಹಾಗಿದ್ದಳು. ಹಳೆಯ ರಬ್ಬರಿನ ಟೊಪ್ಪಿಗೆಗಳನ್ನು ಬಿಸಾಡಿ ಹೊಸವನ್ನು ತಂದೆ. ಆಮೇಲೆ ಎಲ್ಲವನ್ನೂ ಮಡಿಸಿದ ಬಿಳಿ ಪಂಚೆಯ ಮೇಲೆ ಹರಡಿ, ತೆಳು ಅರಿವೆ ಮುಚ್ಚಿ, ಅಡಿಗೆಮನೆಯಿಂದ ದೂರದ ಕೋಣೆಯ ನೆರಳಿನಲ್ಲಿ ಎರಡು ದಿನ ಬಿಡಬೇಕು. ಮುಟ್ಟಬಾರದು.

ಈ ಮುಟ್ಟದಿರುವುದಿದೆಯಲ್ಲ, ಕಷ್ಟ ಅದರದ್ದೇ. ತೊಳೆಯುವಾಗ ಏನೋ ಮಾಡುತ್ತಿದ್ದೇವೆ ಎಂಬ ಸಮಾಧಾನವಿರುತ್ತದೆ. ಒಣಗುವಾಗ ಮಾಡುವುದಕ್ಕೆ ಏನೂ ಇಲ್ಲ. ನಾನು ತಾಸಿಗೊಮ್ಮೆ ಅರಿವೆಯ ಅಂಚು ಎತ್ತಿ ಇಣುಕುತ್ತಿದ್ದೆ. "ಕಾವಿಗೆ ಕೂತ ಕೋಳಿನೂ ಇಷ್ಟ ಸಲ ಎದ್ದು ನೋಡೂದಿಲ್ಲ ಬಿಡ್ರಿ" ಎಂದಳು ಕಮಲಾ.

ಮೂರನೆಯ ಸಂತೆ. ದಸ್ತಗೀರಸಾಬರು ನಳಿಗೆ ಮೂಸಿದರು, ಟೊಪ್ಪಿಗೆ ಮೂಸಿದರು, ಗಾಜಿನ ಕಡ್ಡಿ ಮೂಸಿದರು. ಮತ್ತೆ ನಳಿಗೆಗೇ ಬಂದರು. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗರ ಪಾಡು ಏನೆಂದು ನನಗೆ ಆಗ ತಿಳಿಯಿತು.

"ಏನೂ ಇಲ್ರಿ" ಎಂದರು.

"ಅಂದ್ರ?"

"ಅಂದ್ರ ಏನೂ ವಾಸನಿ ಇಲ್ಲ. ಪಾಸ್ ಆದ್ರಿ. ನಿಮ್ಮ ಅತ್ತರ ನಾ ನಿಶ್ಚಯದ ದಿನಾನಽ ಹಚಗೋತೇನಿ."

ಮೊದಲ ಸಂಬಳ ಬಂದ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಬಸ್ಸಿನಲ್ಲಿ ಪಕ್ಕದವರು ಕೇಳದಿದ್ದರೂ ಡ್ರಾಪರ್ ತೆಗೆದು ತೋರಿಸಿದೆ. ಅವರು ಕಣ್ಣಿಗೆ ಏನಾಗಿದೆ ಎಂದು ಮರುಗಿದರು.

ನಿಶ್ಚಯದ ದಿನ, ಆ ಸಾಮಾನಿನಲ್ಲೇ ಹೊಸದಾಗಿ ಬೆರೆಸಿದ ಅತ್ತರು ಹಿಡಿದು ಬಾಗಿಲಲ್ಲಿ ನಿಂತು ಪ್ರತಿಯೊಬ್ಬರ ಮುಂಗೈಗೂ ಒಂದೊಂದು ಹನಿ ಹಚ್ಚಿದೆ. ಇಳಕಲ್ಲಿನ ಬೀಗಿತಿ ಒಳಗೆ ಹೋಗಿ ಕೂತ ಮೇಲೂ ಸೆರಗಿನ ಮರೆಯಲ್ಲಿ ಇನ್ನೊಮ್ಮೆ ಕೈ ಮೂಸಿದ್ದನ್ನು ವೀಣಾ ನೋಡಿದಳು, ನನ್ನ ಕಡೆ ನೋಡಿ ನಕ್ಕಳು. ದಸ್ತಗೀರಸಾಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಕೈ ಚಾಚಿದರು. ಹಚ್ಚಿಸಿಕೊಂಡು, ಸ್ವಲ್ಪ ಹೊತ್ತು ಬಿಟ್ಟು ಮೂಸಿದರು.

"ಖರೆ ಹೇಳ್ಲೇನ್ರಿ, ಮಾಸ್ತರ?"

"ಹೇಳ್ರಿ."

"ಅತ್ತರ ಸಾಧಾರಣ ಐತ್ರಿ. ಮಲ್ಲಿಗಿ ಒಂಚೂರು ಹೆಚ್ಚಾತು. ಆದ್ರ ಸ್ವಚ್ಛ ಐತಿ."

ಸಾಧಾರಣ, ಆದರೆ ಸ್ವಚ್ಛ. ಎದೆ ತುಂಬಿ ಬಂತು. ನಾನು ಹೋದ ಮೇಲೆ ನನ್ನ ಬಗ್ಗೆಯೂ ಯಾರಾದರೂ ಇಷ್ಟು ಅಂದರೆ ಸಾಕು ಎನಿಸಿತು. ಅಲ್ಲಿಯತನಕ ಯಾಕೆ ಕಾಯಬೇಕು ಎಂದು, ಆರತಿ ತಟ್ಟೆ ಹಿಡಿದು ಬಂದ ಕಮಲಾಳಿಗೆ ಆಗಲೇ ಹೇಳಿಬಿಟ್ಟೆ.

"ನೀವು ಸಾಧಾರಣ ಅನ್ನೂದು ನನಗ ಲಗ್ನಾದ ದಿನದಿಂದನೂ ಗೊತ್ತದ. ಸ್ವಚ್ಛ ಆಗಿದ್ದು ಈ ತಿಂಗಳ" ಎಂದಳು ಅವಳು.

ನಾನು ಎರಡನ್ನೂ ತಲೆಬಾಗಿ ಒಪ್ಪಿಕೊಂಡೆ. ಮುಂದೆ ನಿಂತಿದ್ದ ಬೀಗರ ಕೈ ಹಿಡಿದು, ಒಂದು ಹನಿ ಹೆಚ್ಚೇ ಹಚ್ಚಿದೆ.