ಗುಂಯ್ ಅನ್ನುವ ಪೆಟ್ಟಿಗೆ

ನನ್ನ ಮೊಮ್ಮಗಳು ಮಲಗಿದ್ದಾಳೆ. ಸುದ್ದಿ ಇಷ್ಟೇ. ಅವಳು ಹುಟ್ಟಿದಾಗ ದೇವಬಾಗದ ಮನೆಮನೆಗೂ ಹೋಗಿ ಸಕ್ಕರೆ ಹಂಚಿ ಬಂದಿದ್ದೆ. ಇವತ್ತು ಇನ್ನೊಂದು ಸುತ್ತು ಹಂಚುವ ಆಸೆ ಇದೆ, ಆದರೆ ಕಾಲು ಏಳುತ್ತಿಲ್ಲ. ಸಂತೋಷಪಡುವುದಕ್ಕೂ ಮೈಯಲ್ಲಿ ಸ್ವಲ್ಪ ಕಸುವು ಬೇಕು ನೋಡಿ.

ಮಗಳು ಸುಮಾ ಬಾಣಂತನಕ್ಕೆ ಬಂದಾಗಿನಿಂದ ನಮ್ಮಲ್ಲಿ ನಿದ್ದೆ ಸರದಿಯ ಮೇಲೆ. ಕೂಸಿಗೆ ರೋಗವಿಲ್ಲ, ಹಸಿವಿಲ್ಲ. ಡಾಕ್ಟರು ನೋಡಿ ನಕ್ಕು ಕಳಿಸಿದರು. ತೋಳಿನಲ್ಲಿದ್ದರೆ ಕಣ್ಣು ಮುಚ್ಚುತ್ತಾಳೆ, ತೊಟ್ಟಿಲಿಗೆ ಬೆನ್ನು ತಾಗಿದರೆ ತೆರೆಯುತ್ತಾಳೆ. ಸುಮಾ ಅಂತೂ ಊಟಕ್ಕೆ ಕೂತಲ್ಲೇ ತೂಕಡಿಸುತ್ತಿದ್ದಳು, ಕೈಯ ತುತ್ತು ಕೈಯಲ್ಲೇ. ಅವಳ ಮುಖ ನೋಡಿದರೆ ಹೆದರಿಕೆಯಾಗುತ್ತಿತ್ತು. ನಾನೊಂದು ದಿನ ಅಂಗಿ ಒಳಮೈ ಹೊರಗೆ ಹಾಕಿಕೊಂಡು ಕಾರವಾರ ಪೇಟೆ ಪೂರ್ತಿ ತಿರುಗಿ ಬಂದೆ. ಯಾರೂ ಏನೂ ಅನ್ನಲಿಲ್ಲ. ಅಜ್ಜಂದಿರು ಹೀಗೇ ಅಂದುಕೊಂಡಿರಬೇಕು.

ಇಂಥ ಮನೆಗೆ ಎರಡು ಆಂಪ್ಲಿಫಾಯರ್ ಬಂದವು. ನಡುಮನೆಯ ಸ್ಪೀಕರುಗಳಿಗೆ ಯಾವುದು ಇರಬೇಕು ಅಂತ ಮಗ ಮಂಜುವಿಗೂ ಅಂಕೋಲೆಯ ಅಳಿಯ ಉದಯನಿಗೂ ವಾದ. ಮಂಜು ತಂದದ್ದು ವಾಲ್ವಿನದು: ಗಾಜಿನ ಬುರುಡೆಗಳು, ಒಳಗೆ ಕೆಂಡದಂಥ ಕೆಂಪು. ಉದಯನದು ಟ್ರಾನ್ಸಿಸ್ಟರಿನದು, ಕರೀ ಚಪ್ಪಟೆ ಡಬ್ಬಿ. ವಾಲ್ವಿನ ದನಿ ಬೆಚ್ಚಗಿರುತ್ತದೆ ಅಂತ ಮಗ. ಮುಟ್ಟಿ ನೋಡಿ, ಹೌದು, ಮೇಲೆ ಮೀನು ಒಣಗಿಸಬಹುದು ಅಂದೆ. ಇಬ್ಬರೂ ನಗಲಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ಇಂಥಲ್ಲಿ ಬಾಯಿ ಹಾಕಬಾರದು.

ಒಂದೇ ಹಾಡನ್ನು ಎರಡರಲ್ಲೂ ಕೇಳಿಸಿದರು. ನನಗೆ ಎರಡರಲ್ಲೂ ಹಾಡುವವಳು ಒಬ್ಬಳೇ ಅನಿಸಿತು. ವ್ಯತ್ಯಾಸ ತಿಳಿದದ್ದು ಹಾಡು ನಿಂತ ಮೇಲೆ. ಕರೀ ಡಬ್ಬಿ ಗಪ್ಪಾಯಿತು. ವಾಲ್ವಿನದು ಹಾಡಿಲ್ಲದೆಯೂ ಗುಂಯ್ ಅನ್ನುತ್ತಲೇ ಇತ್ತು.

"ಕೇಳ್ತಾ ಬಾವ? ಹಾಡು ಮುಗದ್ರೂ ನಿನ್ನ ಪೆಟ್ಟಿಗೆ ಬಾಯಿ ಮುಚ್ಚೂದಿಲ್ಲ" ಅಂದ ಉದಯ.

ಮಂಜುವಿಗೆ ಅವಮಾನವಾಯಿತು. ಎಲ್ಲೋ ಅರ್ತಿಂಗ್ ಸರಿಯಿಲ್ಲ ಅಂತ ಗೊಣಗಿ ಸ್ಕ್ರೂಡ್ರೈವರ್ ಹುಡುಕಲು ಎದ್ದ. ಆಮೇಲಿನ ಸ್ವಲ್ಪ ಹೊತ್ತಿನದು ನನಗೆ ತಿಳಿಯದು, ಸ್ಪೀಕರಿನ ಪಕ್ಕ ಕೂತಲ್ಲೇ ನಿದ್ದೆ ಹೋಗಿದ್ದೆ. ನನ್ನ ಹಾಗೆ ಮೀನಿನ ಬೋಟಿನಲ್ಲಿ ದುಡಿದವರೆಲ್ಲ ಹೀಗೇ. ಇಂಜಿನ್ ಎಷ್ಟು ಗುರುಗುಟ್ಟಿದರೂ ಎಚ್ಚರವಿಲ್ಲ. ಸದ್ದು ನಿಂತಿತೋ, ಎಲ್ಲರೂ ಧಡಕ್ಕನೆ ಎದ್ದು ಕೂರುತ್ತಾರೆ. ಕೂಸನ್ನು ಎತ್ತಿಕೊಳ್ಳುವ ಸರದಿ ಆಗ ನನ್ನದು, ಎದೆಯ ಮೇಲೇ ಇದ್ದಳು. ಮೊದಲು ನನ್ನ ಗೊರಕೆ, ಆಮೇಲೆ ಅವಳದು ಅಂತ ಹೆಂಡತಿ ಹೇಳುತ್ತಾಳೆ. ಅವಳೇ ಕೂಸನ್ನು ಎತ್ತಿ ತೊಟ್ಟಿಲಿಗೆ ಹಾಕಿದಳಂತೆ. ಬೆನ್ನು ತಾಗಿತು, ಕಣ್ಣು ತೆರೆಯಲಿಲ್ಲ.

ಅಷ್ಟರಲ್ಲಿ ಮಂಜು ಬಂದು, ಬಿಚ್ಚಿ ನೋಡಲು ಸ್ವಿಚ್ ಆರಿಸಿದ. ನನಗೂ ಕೂಸಿಗೂ ಒಟ್ಟಿಗೇ ಎಚ್ಚರ. ಅವಳು ಅಳುವ ಅಬ್ಬರಕ್ಕೆ ಸುಮಾಳ ಕಣ್ಣಲ್ಲೂ ನೀರು.

"ಹಚ್ಚಾ ಅದನ್ನ" ಅಂದಳು ನನ್ನ ಹೆಂಡತಿ.

ವಾಲ್ವು ಹಚ್ಚಿದ ಕೂಡಲೇ ಎಚ್ಚರಾಗುವುದಿಲ್ಲ. ಮನೆಮಂದಿಯೆಲ್ಲ ಆ ಬುರುಡೆಗಳನ್ನೇ ನೋಡುತ್ತ ನಿಂತೆವು. ನಿಧಾನ ಕೆಂಪಾದವು. ಗುಂಯ್ ಬಂತು. ಅಳು ಬಿಕ್ಕಾಯಿತು, ಬಿಕ್ಕು ಉಸಿರಾಯಿತು.

ಉದಯ ತೊಟ್ಟಿಲಲ್ಲಿದ್ದ ತನ್ನ ಮಗಳ ಮುಖವನ್ನೇ ನೋಡುತ್ತಿದ್ದ. ಆಮೇಲೆ ಮೆಲ್ಲಗೆ ಅಂದ: "ಬಾವ, ನಿನ್ನ ಪೆಟ್ಟಿಗೆನೇ ಇರ್ಲಿ. ಆದ್ರೆ ರಿಪೇರಿ ಮಾಡ್ಬೇಡ ಮಾರಾಯ."

ಗೆದ್ದದ್ದೋ ಸೋತದ್ದೋ ತಿಳಿಯದೆ ಮಂಜು ಸ್ಕ್ರೂಡ್ರೈವರನ್ನು ಕಿಸೆಗೆ ಹಾಕಿದ. ಗುಣ ನೋಡಿ ತರುತ್ತೇವೆ, ಕೊರತೆಗೆ ಒಗ್ಗಿಕೊಂಡು ಇಟ್ಟುಕೊಳ್ಳುತ್ತೇವೆ. ನನ್ನ ವಿಷಯದಲ್ಲಿ ಹೆಂಡತಿ ಮಾಡಿದ್ದೂ ಅದನ್ನೇ ಇರಬೇಕು, ಕೇಳುವ ಧೈರ್ಯವಿಲ್ಲ.

ಸಂಜೆ ಎಲ್ಲರೂ ಒಟ್ಟಿಗೇ ಊಟಕ್ಕೆ ಕೂತೆವು. ನಗ್ಲಿ ಮೀನಿನ ಸಾರು, ಅನ್ನ. ಬಾವ ಬಾವಂದಿರ ವಾದ ಪಿಸುಮಾತಿನಲ್ಲೇ ಮುಂದುವರಿಯಿತು. ಸುಮಾ ಚಕ್ಕಳಮಕ್ಕಳ ಹಾಕಿ ಕೂತು, ಅನ್ನದ ಹಬೆ ಆರುವ ಮೊದಲೇ ಉಂಡು, ತನ್ನ ಆಯಿಯ ಕಡೆಗೆ ಮತ್ತೆ ತಾಟು ಚಾಚಿದಳು.