ಖಾಲಿ ಹಾಳೆಗೆ ಕಾಯುವ ಲಕ್ಕಯ್ಯ ಮೇಷ್ಟ್ರು

ಹಳೇಕೋಟೆಯ ಕೆಳಗಿನ ಕೇರಿಯಲ್ಲಿ ಇನ್ನೂ ಯಾರ ಮನೆಯ ಒಲೆಯೂ ಹೊಗೆಯಾಡಿಲ್ಲ. ಲಕ್ಕಯ್ಯ ಮೇಷ್ಟ್ರ ಮನೆಯ ಲಾಂದ್ರ ಮಾತ್ರ ಆಗಲೇ ಹತ್ತಿದೆ. ಮೇಷ್ಟ್ರು ಗೋಡೆಗೆ ಒರಗಿ, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಕೂತಿದ್ದಾರೆ. ಹಲಗೆಯ ಮೇಲೆ ಚೌಕಳಿ ಗೆರೆ ಎಳೆದ ಉದ್ದನೆಯ ಹಾಳೆ. ಒಂದು ಮನೆಗೆ ಒಂದೇ ಅಕ್ಷರ, ಅದೂ ಇಂಗ್ಲಿಷಿನ ದೊಡ್ಡಕ್ಷರ. ಒಂದು ಸಾಲು ಬರೆಯುತ್ತಾರೆ, ಬೆರಳಿಟ್ಟು ಎಣಿಸುತ್ತಾರೆ, ರಬ್ಬರಿನಲ್ಲಿ ಅಳಿಸಿ ಮತ್ತೆ ಬರೆಯುತ್ತಾರೆ. ಶಾಲೆಗೆ ಹೊರಡುವುದಕ್ಕೆ ಮುಂಚೆ ಎರಡು ಗಂಟೆ ಕಾಲ ದಿನಾ ಇದೇ ಕೆಲಸ, ಮೂರು ವರ್ಷದಿಂದ.

ಹೊಸ್ತಿಲಿನ ಹತ್ತಿರ ಬಳೆ ಸದ್ದಾಗುತ್ತದೆ. ಪಕ್ಕದ ಮನೆಯ ಮಲ್ಲಿಗಮ್ಮ ಬೆಲ್ಲದ ಕಾಫಿ ತಂದಿದ್ದಾರೆ. ಅರವತ್ತು ದಾಟಿದ ಹೆಂಗಸು, ಬೆಳಗಾದರೆ ಕಳೆ ಕೀಳಲು ಕೂಲಿಗೆ ಹೋಗುವವರು. ಓದು ಬರಹ ಗೊತ್ತಿಲ್ಲ. ಆದರೆ ಮೇಷ್ಟ್ರ ಈ ಕೆಲಸದಲ್ಲಿ ಅವರಿಗೂ ಒಂದು ಪಾಲಿದೆ.

"ನೆನ್ನೆ ಚೀಟಿ ಕೊಡ್ಲಾ ಮಗಾ?"

"ಇನ್ನೂ ಬ್ಯಾಡ ದೊಡ್ಡವ್ವ. ಎಲ್ಡನೇ ಸಲ ಲೆಕ್ಕ ಮುಗೀಲಿ."

"ಅಂಗಾರೆ ನೀನು ಕಾಲಿಗೆ ಬಿದ್ರೂ ಕೊಡಾಕಿಲ್ಲ ತಗಾ!"

ಇದು ಇಬ್ಬರ ನಡುವಿನ ಕಟ್ಟಳೆ. ಮೇಷ್ಟ್ರು ಒಂದು ಲೆಕ್ಕದ ಉತ್ತರವನ್ನು ಮೊದಲು ಕೈಯಲ್ಲೇ ಬಿಡಿಸಿ, ಚೀಟಿಯಲ್ಲಿ ಬರೆದು ಮಲ್ಲಿಗಮ್ಮನ ಕೈಗೆ ಕೊಡುತ್ತಾರೆ. ಚೀಟಿ ಅವರ ರಾಗಿ ಡಬ್ಬಕ್ಕೆ ಸೇರುತ್ತದೆ. ಮಾರನೆ ಬೆಳಗ್ಗೆ ಅದೇ ಲೆಕ್ಕವನ್ನು ಮೇಷ್ಟ್ರು ಮೊದಲಿನಿಂದ ಇನ್ನೊಮ್ಮೆ ಬಿಡಿಸುತ್ತಾರೆ. ಆಮೇಲೆಯೇ ಡಬ್ಬದ ಚೀಟಿ ಈಚೆಗೆ ಬರುವುದು. ಎರಡೂ ತಾಳೆಯಾದರೆ ಅದು ಚೌಕಳಿ ಹಾಳೆಗೆ ಏರುತ್ತದೆ. "ಚೀಟಿ ನನ್ನತ್ರನೇ ಇದ್ರೆ ಕಣ್ಣು ಅದ್ರ ಮೇಲೇ ಓಯ್ತದೆ ಸಾ. ಎಲ್ಡನೇ ಸಲ ಲೆಕ್ಕ ಮಾಡ್ದಂಗೆ ನಾಟ್ಕ ಆಡ್ಬುಡ್ತೀನಿ" ಎಂದು, ನೋಡಲು ಬಂದ ನನಗೆ ಹೇಳಿ ಅವರೇ ನಗುತ್ತಾರೆ.

ಇಷ್ಟೆಲ್ಲ ಯಾತಕ್ಕೆ ಎಂದರೆ, ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿರುವ ಕಂಪ್ಯೂಟರ್ ಎಂಬ ಯಂತ್ರಕ್ಕೆ. ಒಂದು ಕೋಣೆ ತುಂಬುವ ಯಂತ್ರ ಅದು. ಅದಕ್ಕೆ ಗೊತ್ತಿರುವುದು ಬರೀ ಅಂಕಿಗಳ ಭಾಷೆ. ಮನುಷ್ಯರು ಅದರಲ್ಲಿ ಬರೆಯಲು ಹೊರಟರೆ ತಲೆ ಕೆಟ್ಟುಹೋಗುತ್ತದೆ. ಅದಕ್ಕೇ ಇಂಗ್ಲಿಷನ್ನು ಹೋಲುವ ಒಂದು ಸುಲಭ ಬರವಣಿಗೆ ಮಾಡಿಕೊಂಡಿದ್ದಾರೆ. ಆ ಬರವಣಿಗೆಯನ್ನು ಯಂತ್ರದ ಭಾಷೆಗೆ ತಿರುಗಿಸಿ ಹೇಳುವುದಕ್ಕೆ ನಡುವೆ ಒಂದು ದುಭಾಷಿ ಬೇಕು. ಅದರ ಹೆಸರು ಕಂಪೈಲರ್. ಸಂಸ್ಥೆಯವರು ತಮ್ಮದೇ ಒಂದು ಕಂಪೈಲರನ್ನು ಕಟ್ಟುತ್ತಿದ್ದಾರೆ. ಅದು ಸರಿಯಾಗಿ ತಿರುಗಿಸುತ್ತದೆಯೋ ಇಲ್ಲವೋ ನೋಡುವುದು ಹಳೇಕೋಟೆಯ ಲಕ್ಕಯ್ಯನವರ ಕೆಲಸ.

"ದುಭಾಷಿ ತಪ್ಪು ಯೋಳುದ್ರೆ ಯೋಳ್ದೋನ್ಗೂ ಗೊತ್ತಾಗಕಿಲ್ಲ, ಕೇಳ್ದೋನ್ಗೂ ಗೊತ್ತಾಗಕಿಲ್ಲ ಸಾ. ನಾಳೆ ಯಾರೋ ಸೇತುವೆ ಲೆಕ್ಕ ಹಾಕ್ತಾರೆ. ಉತ್ರ ಅಂತೂ ಬತ್ತದೆ. ಅದು ತಪ್ಪು ಅಂತ ಗೊತ್ತಾಗೋದು ಸೇತುವೆ ಬಿದ್ಮೇಲೆ."

ಹಾಗಾಗಿ ಅವರು ದುಭಾಷಿಯನ್ನು ಕಾಡಿಸುವಂಥ ಲೆಕ್ಕಗಳನ್ನೇ ಹುಡುಕಿ ಬರೆಯುತ್ತಾರೆ. ಕಂಸದೊಳಗೆ ಕಂಸ, ಅದರೊಳಗೆ ಇನ್ನೊಂದು, ಹೀಗೆ ಏಳು ಸುತ್ತು. ಋಣಸಂಖ್ಯೆಯಿಂದ ಋಣಸಂಖ್ಯೆ ಕಳೆಯುವುದು. ಏಳನ್ನು ಎರಡರಿಂದ ಭಾಗಿಸಿದರೆ ಈ ಬರವಣಿಗೆಯಲ್ಲಿ ಉತ್ತರ ಮೂರು, ಅಂಕಿಯ ಪಕ್ಕ ದಶಮಾಂಶದ ಚುಕ್ಕಿ ಇಟ್ಟು ಬರೆದರೆ ಮಾತ್ರ ಮೂರೂವರೆ. ಆ ಚುಕ್ಕಿಯನ್ನು ದುಭಾಷಿ ಗಮನಿಸಿತೋ ಇಲ್ಲವೋ ಎಂದು ನೋಡಲಿಕ್ಕೇ ಹನ್ನೊಂದು ಪರೀಕ್ಷೆ ಬರೆದಿದ್ದಾರೆ. ಒಂದು ಕಟ್ಟಿಗೆ ಹನ್ನೆರಡು ಪರೀಕ್ಷೆ, ತಿಂಗಳಿಗೆ ಒಂದು ಕಟ್ಟು ತಪ್ಪಿದರೂ ಎರಡು ತಿಂಗಳಿಗೊಂದು. ಇಲ್ಲಿಯವರೆಗೆ ಮುನ್ನೂರರ ಹತ್ತಿರ ಬಂದಿದೆ.

ಮೊದಮೊದಲು ಯಂತ್ರ ಉತ್ತರಗಳನ್ನು ಅಚ್ಚು ಹಾಕುತ್ತಿತ್ತು, ಸಂಸ್ಥೆಯವರು ಒಂದೊಂದಾಗಿ ಹೋಲಿಸಿ ನೋಡಬೇಕಿತ್ತು. ಯಾರಿಗೆ ಪುರಸೊತ್ತು? ಹಾಳೆಗಳು ಮೂಲೆ ಸೇರಿದವು. ಆಗ ಮೇಷ್ಟ್ರೇ ಒಂದು ದಾರಿ ಹುಡುಕಿದರು. ಸರಿಯುತ್ತರವನ್ನೂ ಪರೀಕ್ಷೆಯ ಒಳಗೇ ಸೇರಿಸಿಬಿಟ್ಟರು. ಈಗ ಯಂತ್ರವೇ ಲೆಕ್ಕ ಮಾಡುತ್ತದೆ, ಯಂತ್ರವೇ ಹೋಲಿಸುತ್ತದೆ. ತಾಳೆಯಾದರೆ ಏನೂ ಹೇಳದೆ ಮುಂದಿನದಕ್ಕೆ ಹೋಗುತ್ತದೆ. ತಾಳೆಯಾಗದಿದ್ದರೆ ಮಾತ್ರ ಆ ಪರೀಕ್ಷೆಯ ನಂಬರನ್ನು ಅಚ್ಚು ಹಾಕುತ್ತದೆ. ಎಲ್ಲ ಸರಿಯಿದ್ದರೆ ಹಾಳೆಯ ಕೊನೆಯಲ್ಲಿ ‘ಮುಗಿಯಿತು’ ಎಂಬರ್ಥದ ಒಂದು ಇಂಗ್ಲಿಷ್ ಪದ, ಮಿಕ್ಕದ್ದೆಲ್ಲ ಖಾಲಿ.

ಆ ಯಂತ್ರವನ್ನು ಲಕ್ಕಯ್ಯನವರು ನೋಡಿರುವುದು ಒಂದೇ ಸಲ, ಅದೂ ಗಾಜಿನ ಆಚೆಯಿಂದ, ಮುಕ್ಕಾಲು ಗಂಟೆ.

ಅವರ ಅಪ್ಪ ಪಾಪಯ್ಯ ಹಳೇಕೋಟೆಯಲ್ಲಿ ಕೂಲಿ ಮಾಡಿದವರು. ಮಗ ಶಾಲೆಯ ಒಳಗೆ ಕೂತು ಕಲಿತದ್ದಕ್ಕಿಂತ ಜಗಲಿಯಲ್ಲಿ ಕೂತು ಕಲಿತದ್ದೇ ಜಾಸ್ತಿ. ಮಗ್ಗಿ ಹೇಳುವಾಗ ಒಳಗಿನವರ ಜೊತೆ ತಾನೂ ಕೂಗುತ್ತಿದ್ದ, ಯಾರೂ ಬೇಡ ಎನ್ನಲಿಲ್ಲ, ಯಾರೂ ಒಳಗೆ ಬಾ ಎನ್ನಲೂ ಇಲ್ಲ. ಹಾಸನದ ಹಾಸ್ಟೆಲು, ಮೈಸೂರಿನ ಬಿ.ಎಸ್ಸಿ., ಆಮೇಲೆ ಹೊಳೆನರಸೀಪುರದಲ್ಲಿ ಗಣಿತದ ಮೇಷ್ಟ್ರ ಕೆಲಸ. ಪೇಟೆಯಲ್ಲಿ ಬಾಡಿಗೆಗೆ ಮನೆ ಕೇಳಿದಾಗ ಮೊದಲು ಊರು ಯಾವುದೆಂದು ಕೇಳಿದರು, ಆಮೇಲೆ ಕೇರಿ ಯಾವುದೆಂದು ಕೇಳಿದರು, ಆಮೇಲೆ ಮನೆ ಖಾಲಿಯಿಲ್ಲ ಎಂದರು. ಅವತ್ತಿನಿಂದ ಸೈಕಲ್ಲೇ ಗತಿ.

ಅರಕಲಗೂಡಿನ ಕಡೆಯಿಂದ ತಂದುಕೊಂಡ ಹೆಂಡತಿ ಸಣ್ಣಕ್ಕ ಬಾಣಂತನದಲ್ಲಿ ತೀರಿಕೊಂಡು ನಾಲ್ಕು ವರ್ಷ. ಕೂಸೂ ಉಳಿಯಲಿಲ್ಲ. ಆಮೇಲಿನ ಬೇಸಿಗೆಯಲ್ಲಿ ಮನೆಯಲ್ಲಿರಲಾರದೆ ಬೆಂಗಳೂರಿನಲ್ಲಿ ನಡೆದ ಮೇಷ್ಟ್ರುಗಳ ತರಬೇತಿಗೆ ಹೆಸರು ಕೊಟ್ಟರು. ಅಲ್ಲಿ ಒಂದು ದಿನ ಯಂತ್ರ ತೋರಿಸಿದರು. ಯಂತ್ರ ಅಚ್ಚು ಹಾಕಿದ ಒಂದು ಉತ್ತರವನ್ನು ನೋಡಿ, ಹಿಂದಿನ ಸಾಲಿನಲ್ಲಿ ನಿಂತಿದ್ದ ಲಕ್ಕಯ್ಯನವರು, "ಇದು ತಪ್ಪಲ್ವಾ ಸಾ?" ಎಂದುಬಿಟ್ಟರು. ಎಲ್ಲರೂ ನಕ್ಕರು. ಯಂತ್ರ ತೋರಿಸುತ್ತಿದ್ದ ಪ್ರೊಫೆಸರು ಮಾತ್ರ ನಗಲಿಲ್ಲ. ಕಾಗದದ ಮೇಲೆ ಲೆಕ್ಕ ಮಾಡಿ ನೋಡಿ, ತಪ್ಪೇ ಎಂದು ಒಪ್ಪಿ, ತರಬೇತಿ ಮುಗಿದ ದಿನ ಒಂದು ಕಟ್ಟು ಚೌಕಳಿ ಹಾಳೆ ಕೊಟ್ಟು ಕಳಿಸಿದರು.

ಊರಿನಲ್ಲಿ ಇದನ್ನು ಯಾರಿಗೆ ಹೇಳುವುದು? ಶಾಲೆಯ ಸ್ಟಾಫ್ ರೂಮಿನಲ್ಲಿ "ಏನ್ರೀ ಲಕ್ಕಯ್ಯ, ನಿಮ್ ಮಿಷಿನ್ನು ಏನಂತು?" ಎಂದು ರೇಗಿಸುವವರಿದ್ದಾರೆ. "ಏನೂ ಅನ್ಲಿಲ್ಲ" ಎಂದರೆ ಇನ್ನೂ ಜೋರಾಗಿ ನಗುತ್ತಾರೆ. ಆ ಕೆಲಸದಲ್ಲಿ ಏನೂ ಅನ್ನದಿರುವುದೇ ದೊಡ್ಡ ಮಾತು ಎಂದು ವಿವರಿಸುವ ಚೈತನ್ಯ ಅವರಿಗೆ ಇಲ್ಲ. ಬುತ್ತಿ ಬಿಚ್ಚಿಕೊಂಡು ಕಿಟಕಿಯ ಹತ್ತಿರ ಒಬ್ಬರೇ ಕೂರುತ್ತಾರೆ.

ಮೊದಲ ಎರಡು ವರ್ಷದಲ್ಲಿ ಅವರ ಪರೀಕ್ಷೆಗಳು ದುಭಾಷಿಯ ಮೂವತ್ತೊಂದು ತಪ್ಪು ಹಿಡಿದವು. ಒಂದೊಂದನ್ನೂ ಸಂಸ್ಥೆಯವರು ತಿದ್ದಿದರು. ಕಳೆದ ದೀಪಾವಳಿಯಿಂದ ಈಚೆಗೆ ಬರೀ ಖಾಲಿ ಹಾಳೆ. ಹಳೆಯ ಕಟ್ಟುಗಳನ್ನೂ ಸೇರಿಸಿ ಓಡಿಸಿದರೂ ಖಾಲಿ. ಪ್ರೊಫೆಸರು ಖುಷಿಯಾಗಿ ಬರೆದರು: ಯುಗಾದಿಗೆ ಕಂಪೈಲರನ್ನು ಹೊರಗಿನವರ ಬಳಕೆಗೆ ಕೊಡುತ್ತೇವೆ, ನಿಮ್ಮ ಖಾಲಿ ಹಾಳೆಗಳೇ ನಮಗೆ ಧೈರ್ಯ.

ಆ ಕಾಗದ ಓದಿದ ಮೇಲೆ ಮೇಷ್ಟ್ರಿಗೆ ಅನ್ನ ಸೇರಲಿಲ್ಲ. ‘ಹೋಲಿಸಿ ನೋಡು’ ಎಂದು ತಾನು ಬರೆದ ಮಾತನ್ನೂ ಯಂತ್ರಕ್ಕೆ ಹೇಳುವುದು ಅದೇ ದುಭಾಷಿಯಲ್ಲವೇ? ಅಷ್ಟೊಂದು ತಿದ್ದುಪಡಿಯ ನಡುವೆ ಎಲ್ಲೋ ಕೆಟ್ಟು, ದೀಪಾವಳಿಯಿಂದ ಈಚೆಗೆ ಆ ಮಾತನ್ನೇ ಅದು ತಪ್ಪಾಗಿ ತಿರುಗಿಸುತ್ತಿದ್ದರೆ? ಏನೇ ಬಂದರೂ ತಾಳೆಯಾಯಿತು ಎನ್ನುತ್ತಿದ್ದರೆ? ಹಾಗಾದರೆ ಇಷ್ಟು ತಿಂಗಳ ಖಾಲಿ ಹಾಳೆಗಳಿಗೆ ಮೂರು ಕಾಸಿನ ಬೆಲೆಯಿಲ್ಲ.

ಶಿವರಾತ್ರಿಗೆ ಕಳಿಸಿದ ಕಟ್ಟಿನಲ್ಲಿ ಅವರು ಒಂದು ಬಲೆ ಒಡ್ಡಿದರು. ಇನ್ನೂರ ಎಂಬತ್ತೇಳನೇ ಪರೀಕ್ಷೆ. ಏಳನ್ನು ಎಂಟರಿಂದ ಗುಣಿಸು, ಉತ್ತರ ಐವತ್ತೇಳು ಬಂತೇ ನೋಡು. ಬರುವುದಿಲ್ಲ, ಐವತ್ತಾರು ಬರುತ್ತದೆ. ಆಗ ಯಂತ್ರ ತಪ್ಪು ಎಂದು ಕೂಗಲೇಬೇಕು. ಕೂಗಿದರೆ ಅದರ ಮೌನವನ್ನೂ ನಂಬಬಹುದು. ಹದಿನೈದು ದಿನ ಕಳೆದು ಅಂಚೆಯಲ್ಲಿ ಉತ್ತರ ಬಂತು.

ಖಾಲಿ ಹಾಳೆ!

"ಮೂರು ವರ್ಸದ ಬೆಳಗ್ಗೆ ಎಲ್ಲಾ ಕಣ್ಮುಂದೆ ಬಂದೋದ್ವು ಸಾ. ಇಷ್ಟ್ ದಿನ ನಾನು ಯಾರ್ ಜತೆ ಮಾತಾಡ್ತಿದ್ದೆ ಅನ್ನುಸ್ಬುಡ್ತು." ಅವತ್ತೇ ಪೋಸ್ಟಾಫೀಸಿಗೆ ಹೋಗಿ ಪ್ರೊಫೆಸರಿಗೆ ತಂತಿ ಕೊಟ್ಟರು: ‘ಕಂಪೈಲರ್ ಕೊಡಬೇಡಿ, ನನ್ನ ಪರೀಕ್ಷೆಗಳನ್ನು ನಂಬಬೇಡಿ.’ ತನ್ನ ಕೆಲಸದ ಮೇಲೆ ತಾನೇ ಮಣ್ಣು ಹಾಕಿ ಸೈಕಲ್ ಹತ್ತಿ ಮನೆಗೆ ಬಂದರು. ಮಲ್ಲಿಗಮ್ಮ ಹೇಳುತ್ತಾರೆ: "ಅವತ್ತು ಉಣ್ಣಾಕೂ ಏಳ್ನಿಲ್ಲ ಕಣಪ್ಪ. ಯಾರಾರ ಓಗ್ಬುಟ್ರೇನೋ ಅಂತ ನಾನು ಎದರ್ಕಂಡೆ. ಮಿಷಿನ್ನು ಕೆಟ್ಟೋಗಿದ್ಕೆ ಇಂಗಾ ಕುಂತ್ಕಳಾದು?"

ಆದರೂ ಬೆಳಗಿನ ಬರವಣಿಗೆ ನಿಲ್ಲಿಸಿಲ್ಲ. ಯಾಕೆ ಎಂದರೆ, "ಆ ಒತ್ತಿಗೆ ಎಚ್ರ ಆಗ್ಬುಡ್ತದೆ. ಇನ್ನೇನ್ ಮಾಡ್ಲಿ?" ಎನ್ನುತ್ತಾರೆ. ತಂತಿ ಕೊಟ್ಟು ಇವತ್ತಿಗೆ ಒಂಬತ್ತು ದಿನ. ಯುಗಾದಿಗೆ ಉಳಿದಿರುವುದು ಆರು ದಿನ.

ಮಧ್ಯಾಹ್ನದ ಬಿಡುವಿನ ಹೊತ್ತಿಗೆ ಅಂಚೆಯ ಗಂಗಯ್ಯ ಶಾಲೆಯ ಗೇಟಿನ ಹತ್ತಿರ ಸೈಕಲ್ ನಿಲ್ಲಿಸುತ್ತಾರೆ. "ಮೇಷ್ಟ್ರೇ, ಬೆಂಗಳೂರಿಂದು. ಈ ಸಲ ದಪ್ಪಗದೆ." ಲಕ್ಕಯ್ಯನವರು ಬೇವಿನ ಮರದ ಕೆಳಗೆ ಹೋಗಿ, ಎಲ್ಲರಿಗೂ ಬೆನ್ನು ಮಾಡಿ ನಿಂತು ಲಕೋಟೆ ಒಡೆಯುತ್ತಾರೆ. ಒಳಗೆ ಪ್ರೊಫೆಸರ ಎರಡು ಸಾಲು, ಮಡಿಸಿದ ಒಂದು ಯಂತ್ರದ ಹಾಳೆ, ಮತ್ತೆ ಗುಂಡು ಕನ್ನಡ ಅಕ್ಷರದ ಒಂದು ಕಾಗದ. ಕಾಗದದ ಕೆಳಗೆ ಅವರು ಯಾವತ್ತೂ ಕೇಳದ ಒಂದು ಹೆಸರು: ನೀಲಾಂಬಿಕೆ.

ಮೇಷ್ಟ್ರು ಬರೆದ ಹಾಳೆಗಳು ನೇರವಾಗಿ ಯಂತ್ರಕ್ಕೆ ಹೋಗುವುದಿಲ್ಲ. ಒಂದೊಂದು ಸಾಲನ್ನೂ ಒಂದೊಂದು ರಟ್ಟಿನ ಕಾರ್ಡಿನಲ್ಲಿ ತೂತು ಹೊಡೆದು ಇಳಿಸಬೇಕು. ಆ ಕೆಲಸ ಮಾಡುವವರು ಈ ನೀಲಾಂಬಿಕೆ. ಅವರು ಬರೆದದ್ದು ಇಷ್ಟು:

‘ತಪ್ಪು ನನ್ನದು, ಕ್ಷಮಿಸಬೇಕು. ಏಳೆಂಟ್ಲಿ ಐವತ್ತೇಳು ಎಂದು ತಾವು ಬರೆದದ್ದನ್ನು ನೋಡಿ ಗಾಬರಿಯಾಯಿತು. ಮೇಷ್ಟ್ರಿಗೆ ಮೈಯಲ್ಲಿ ಹುಷಾರಿಲ್ಲವೇನೋ, ಪ್ರೊಫೆಸರು ನೋಡಿದರೆ ಏನೆಂದುಕೊಂಡಾರು ಎಂದು ಯಾರಿಗೂ ಹೇಳದೆ ಐವತ್ತಾರು ಎಂದು ತಿದ್ದಿ ಕಾರ್ಡು ಹೊಡೆದೆ. ಮೂರು ವರ್ಷದಲ್ಲಿ ಬೇರೆ ಯಾವುದನ್ನೂ ತಿದ್ದಿಲ್ಲ. ಪ್ರತಿ ಹಾಳೆಯ ಲೆಕ್ಕವನ್ನೂ ನಾನೂ ಒಮ್ಮೆ ಮಾಡಿ ನೋಡಿಯೇ ಕಾರ್ಡಿಗೆ ಇಳಿಸುವುದು. ತಿದ್ದುವಂಥದ್ದು ಒಂದೂ ಸಿಕ್ಕಿರಲಿಲ್ಲ. ಈಗ ತಾವು ಬರೆದಂತೆಯೇ ಹೊಡೆದು ಮತ್ತೆ ಓಡಿಸಿದ್ದೇವೆ.’

ಮೇಷ್ಟ್ರು ಯಂತ್ರದ ಹಾಳೆ ಬಿಡಿಸುತ್ತಾರೆ. ಅದು ಖಾಲಿಯಾಗಿಲ್ಲ. ನಡುವೆ ಒಂದೇ ಸಾಲು: ಇನ್ನೂರ ಎಂಬತ್ತೇಳು, ತಪ್ಪು.

ಯಂತ್ರ ಇಷ್ಟು ದಿನವೂ ಹೋಲಿಸಿ ನೋಡಿಯೇ ಸುಮ್ಮನಿತ್ತು. ಕಂಪೈಲರ್ ಯುಗಾದಿಗೇ ಹೊರಡುತ್ತದೆ ಎಂದು ಪ್ರೊಫೆಸರು ಬರೆದಿದ್ದಾರೆ. ಅದನ್ನು ಮೇಷ್ಟ್ರು ಒಂದು ಸಲ ಓದುತ್ತಾರೆ. ನೀಲಾಂಬಿಕೆಯವರ ಕಾಗದವನ್ನು ಮೂರು ಸಲ ಓದುತ್ತಾರೆ. "ಲೆಕ್ಕ ಮಾಡಿ ನೋಡ್ತಿದ್ರಂತೆ ಸಾ. ಪ್ರತಿ ಹಾಳೆನೂ. ನಂಗೆ ಗೊತ್ತೇ ಇರ್ಲಿಲ್ಲ" ಎಂದು ಹೇಳಿ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಗಂಟೆ ಹೊಡೆದಾಗ ಆ ಕಾಗದವನ್ನು ಜೇಬಿಗಿಟ್ಟುಕೊಂಡು ತರಗತಿಗೆ ಹೋಗುತ್ತಾರೆ.

ಮಾರನೆ ಬೆಳಗ್ಗೆ ಅದೇ ಲಾಂದ್ರ, ಅದೇ ಹಲಗೆ, ಹೊಸ ಕಟ್ಟು. ಮೊದಲನೇ ಪರೀಕ್ಷೆ ಏಳೆಂಟ್ಲಿ ಐವತ್ತೇಳು. ಹಾಳೆಯ ಅಂಚಿನಲ್ಲಿ ಕನ್ನಡದಲ್ಲಿ ಸಣ್ಣಗೆ ಬರೆದಿದ್ದಾರೆ: ‘ನೀಲಾಂಬಿಕೆಯವರೇ, ಇದು ಬೇಕೆಂದೇ ಬರೆದ ತಪ್ಪು. ತಿದ್ದಬೇಡಿ. ನಾನು ಆರೋಗ್ಯವಾಗಿದ್ದೇನೆ.’

ಕಾಫಿ ತಂದ ಮಲ್ಲಿಗಮ್ಮನಿಗೆ ವಿಷಯ ತಿಳಿದು ನಗು ತಡೆಯಲಾಗುವುದಿಲ್ಲ. "ಮಕ್ಳಿಗೆ ಮಗ್ಗಿ ಯೋಳ್ಕೊಡೋ ಮೇಷ್ಟ್ರು, ಬೇಕಂತ್ಲೇ ತಪ್ಪು ಬರೀತೀಯಲ್ಲ ಮಗಾ!"

"ಇನ್ಮೇಲೆ ಕಟ್ಟಿಗೊಂದು ತಪ್ಪು ಇದ್ದೇ ಇರ್ತದೆ ದೊಡ್ಡವ್ವ" ಎನ್ನುತ್ತಾರೆ ಮೇಷ್ಟ್ರು, ಹಾಳೆಯಿಂದ ಕಣ್ಣೆತ್ತದೆ. "ಎಲ್ಲಾ ಸರಿ ಇದ್ರೆ ಯಾರೂ ಮಾತಾಡಕಿಲ್ಲ. ತಪ್ಪು ಅಂತನಾರ ಅಲ್ಲಿಂದ ಒಂದ್ ಮಾತು ಬತ್ತದಲ್ಲ. ನಂಗೆ ಅಷ್ಟು ಸಾಕು."