ಕಿವಿಯ ಹಿಂದಿನ ಬೊಟ್ಟು

ನಮ್ಮ ಮನೆಯ ದೇವರ ಗೂಡಿನ ಅಂಚಿನಲ್ಲಿ, ಊದಿನಕಡ್ಡಿಯ ಕೊಳವೆಗೂ ಬೆಂಕಿಪೊಟ್ಟಣಕ್ಕೂ ನಡುವೆ, ಹಿತ್ತಾಳೆಯದೊಂದು ಪುಟ್ಟ ಕರಡಿಗೆ ಇರುತ್ತದೆ. ಅದರೊಳಗಿನ ಕಾಡಿಗೆ ಅಂಗಡಿಯದಲ್ಲ. ಹರಳೆಣ್ಣೆಯ ದೀಪದ ಮೇಲೆ ತಾಟನ್ನು ಬೋರಲು ಹಿಡಿದು, ಅದಕ್ಕೆ ಹತ್ತಿದ ಮಸಿಯನ್ನು ಕೆರೆದು, ತುಪ್ಪದಲ್ಲಿ ನಾದಿ ನನ್ನ ಅತ್ತೆಯವರು ತಾವೇ ಮಾಡಿದ್ದು. ಬೆರಳಿಗೆ ಹತ್ತಿದರೆ ಸಾಬೂನಿಗೂ ಜಗ್ಗದಷ್ಟು ಹಟಮಾರಿ. ಕೂಸು ಎಷ್ಟೇ ಚೆಂದವಿರಲಿ, ಆ ಚೆಂದಕ್ಕೆ ಎಲ್ಲೋ ಒಂದು ಕಡೆ ಸಣ್ಣ ಕುಂದು ಇರಬೇಕು, ನೋಡುವವರ ಕಣ್ಣು ಮೊದಲು ಆ ಕುಂದಿನ ಮೇಲೆ ಬಿದ್ದು ಅಲ್ಲಿಯೇ ತಣಿಯಬೇಕು ಎಂಬುದು ಅವರ ನಂಬಿಕೆ. ಹಾಗೆಂದು ಕೆನ್ನೆಯ ಮೇಲೆ ಇಟ್ಟರೆ ಮುಖ ಕೆಡುತ್ತದೆ. ಆದ್ದರಿಂದ ದೃಷ್ಟಿಬೊಟ್ಟಿನ ಜಾಗ ಕಿವಿಯ ಹಿಂದೆ. ಅಲ್ಲಿ ಅದನ್ನು ದೃಷ್ಟಿಯೂ ನೋಡುವುದಿಲ್ಲವಲ್ಲ ಎಂದು ನಾನು ಮದುವೆಯಾದ ಹೊಸತರಲ್ಲಿ ಒಮ್ಮೆ ಕೇಳಿದ್ದೆ. ಅತ್ತೆಯವರು ನನ್ನ ಕಡೆ ನೋಡಿದ ರೀತಿ ಹೇಗಿತ್ತೆಂದರೆ, ಮತ್ತೆ ಕೇಳುವ ಧೈರ್ಯ ಬರಲಿಲ್ಲ.

ನಾನು ಕಲಿತ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮ್ಮ ಉಗುರುಗಳನ್ನು ತಿರುಗಿಸಿ ನೋಡಿದ ಮೇಲೆಯೇ ತರಗತಿಯೊಳಗೆ ಬಿಡುತ್ತಿದ್ದರು. ಅಂಥ ಕಡೆ ಬೆಳೆದವಳಿಗೆ ಕಪ್ಪು ಎಂದರೆ ತಿಕ್ಕಿ ತೆಗೆಯಬೇಕಾದದ್ದು. ಹೀಗಾಗಿ, ಅಜ್ಜಿ ಅದೇ ಕಾಡಿಗೆ ತೀಡುತ್ತಿದ್ದ ಮಗಳು ಅನಘಾಳ ಕಣ್ಣು ಕೆಂಪಾದಾಗ ನಮ್ಮ ಬದಾಮಿಯ ಡಾಕ್ಟರಮ್ಮ, "ಇಷ್ಟು ಸಣ್ಣ ಕೂಸಿಗೆ ಕಾಡಿಗಿ ಬ್ಯಾಡ್ರಿ" ಎಂದದ್ದೇ ತಡ, ಆ ಮಾತನ್ನು ಮನೆಗೆ ತಂದು ಆದಷ್ಟು ಮೆತ್ತಗೆ ಅತ್ತೆಯವರ ಮುಂದೆ ಇಟ್ಟೆ. ಅವರು ವಾದಿಸಲಿಲ್ಲ. "ಆಗಲಿ ಬಿಡವಾ, ನಿಮ್ಮ ಕೂಸು," ಎಂದು ಕರಡಿಗೆಯ ಮುಚ್ಚಳ ಒತ್ತಿದರು. ಆ 'ನಿಮ್ಮ' ಎಂಬ ಶಬ್ದ ಮುಚ್ಚಳದ ಟಕ್ಕೆಂಬ ಸದ್ದಿಗಿಂತ ಹೆಚ್ಚು ಹೊತ್ತು ನನ್ನ ಕಿವಿಯಲ್ಲಿ ಉಳಿಯಿತು.

ಇದಾದ ಕೆಲವು ವಾರಗಳಿಗೆ, ಒಂದು ರವಿವಾರ, ಚೊಳಚಗುಡ್ಡದಲ್ಲಿರುವ ಅತ್ತೆಯವರ ತಂಗಿಯ ಮನೆಗೆ ಊಟಕ್ಕೆ ಹೋಗಿದ್ದೆವು. ಗೊಬ್ಬರವಾಗಲಿ ಎಂದು ಅವರ ಹೊಲದಲ್ಲಿ ಕುರಿಹಿಂಡನ್ನು ನಿಲ್ಲಿಸಿದ್ದರು. ಎರಡು ತುಂಬಿ ಮೂರಕ್ಕೆ ನಡೆದಿರುವ ಅನಘಾ ಕುರಿಮರಿಗಳನ್ನು ಕಂಡು ಊಟ ಮರೆತಳು. ಕುರಿ ಕಾಯುವ ಹೆಂಗಸು ನಗುತ್ತ ಬಂದು, ಹುಟ್ಟಿ ಇನ್ನೂ ಕಾಲು ಗಟ್ಟಿಯಾಗದ ಮರಿಯೊಂದನ್ನು ಅವಳ ಮಡಿಲಿಗೆ ಇಟ್ಟು, "ಹಿಡಿಯವಾ, ನಿನ್ನ ತಮ್ಮ ಇವ," ಎಂದಳು. ನನ್ನ ಮಗಳು ತಮ್ಮನ ಕುತ್ತಿಗೆಗೆ ಕೆನ್ನೆ ಒತ್ತಿ ಕಣ್ಣು ಮುಚ್ಚಿ ಕುಳಿತ ಚಿತ್ರ ಈಗಲೂ ನನ್ನ ಫೋನಿನಲ್ಲಿದೆ. ಅದನ್ನು ನಾನು ಬಳಗದವರಿಗೆಲ್ಲ ಕಳಿಸಿದೆ. ಎಲ್ಲರೂ ಹೃದಯದ ಗುರುತು ಹಾಕಿದರು.

ಎರಡು ದಿನ ಕಳೆದು, ಮುಂಜಾನೆ ಜುಟ್ಟು ಕಟ್ಟುವಾಗ, ಅನಘಾಳ ಎಡಗಿವಿಯ ಹಿಂದೆ, ಕೂದಲಂಚಿನಲ್ಲಿ, ಎಳ್ಳಿನಷ್ಟು ಕಪ್ಪು ಬೊಟ್ಟು ಕಂಡಿತು.

ಓಹೋ, ಎಂದುಕೊಂಡೆ. ಬಾಯಲ್ಲಿ 'ಆಗಲಿ ಬಿಡವಾ' ಎಂದವರು ನಾನು ಅಡುಗೆಮನೆಯಲ್ಲಿದ್ದಾಗ ಮೆಲ್ಲಗೆ ಕರಡಿಗೆ ತೆರೆದಿದ್ದಾರೆ. ಕೇಳಿಬಿಡಲೇ? ಕೇಳಿದರೆ ಜಗಳ. ನನಗೆ ಜಗಳ ಬಾರದು. ನನಗೆ ಬರುವುದು ಮೌನ, ಅದೂ ತುಂಬ ಶಿಸ್ತಿನ ಮೌನ. ಕೂಸಿಗೆ ನೆಗಡಿಯಾಗಿದ್ದರಿಂದ ತಲೆಗೆ ನೀರು ಹಾಕುತ್ತಿರಲಿಲ್ಲ, ಕುತ್ತಿಗೆಯ ಕೆಳಗಷ್ಟೇ ಸ್ನಾನ. ಬೊಟ್ಟು ಇದ್ದಲ್ಲಿಯೇ ಇತ್ತು. ಇತ್ತು ಎಂದರೆ ಸಾಲದು, ಬೆಳೆಯುತ್ತಿತ್ತು. ಮರುದಿನ ಸಾಸಿವೆಯನ್ನು ಮೀರಿ, ಅದರ ಮರುದಿನ ಮೆಣಸಿಗೆ ಹತ್ತಿರವಾಯಿತು. ದಿನಕ್ಕಿಷ್ಟು ದೊಡ್ಡದಾಗಿ ಇಟ್ಟು ನನ್ನನ್ನು ಕೆಣಕುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಬಾಗಲಕೋಟೆಯ ಕಾಲೇಜಿನಲ್ಲಿ ಪಾಠ ಹೇಳಿ ರೈಲಿಳಿದು ಬಂದ ಗಂಡನ ಮುಂದೆ ದೂರಿದೆ.

"ಒಂದು ಬೊಟ್ಟಿಗೆ ಯುದ್ಧ ಹೂಡ್ತಿ ಏನು?" ಎಂದರು ಅವರು. "ನನಗೂ ಹಚ್ಚಿದ್ಳು ಅವ್ವ. ನಾ ಏನ ಕೆಟ್ಟೇನಿ?"

ಉತ್ತರ ನನ್ನ ಬಳಿ ಇತ್ತು; ಅವರ ತಾಟಿಗೆ ಅನ್ನ ಬಡಿಸಿದೆ.

ವಿಚಿತ್ರವೆಂದರೆ, ಆ ದಿನಗಳಲ್ಲಿ ಅತ್ತೆಯವರು ಹಿಂದೆಂದೂ ಇಲ್ಲದಷ್ಟು ಪ್ರಸನ್ನರಾಗಿದ್ದರು. ಯಾವ ಹಬ್ಬವೂ ಇಲ್ಲದೆ ಶೇಂಗಾ ಹೋಳಿಗೆ ಮಾಡಿದರು. ನನ್ನ ತಾಟಿಗೆ ತುಪ್ಪ ಹಾಕುವಾಗ ಕೈ ಸಡಿಲಾಗುತ್ತಿತ್ತು. ಗೆದ್ದವರ ಔದಾರ್ಯ, ಎಂದುಕೊಂಡು ಹೋಳಿಗೆ ತಿಂದೆ. ರುಚಿ ಮಾತ್ರ ಚೆನ್ನಾಗಿತ್ತು.

ಶುಕ್ರವಾರಕ್ಕೆ ನೆಗಡಿ ಇಳಿಯಿತು. ಎರೆಯುವ ಮೊದಲು ಆ ಬೊಟ್ಟಿಗೊಂದು ಗತಿ ಕಾಣಿಸೋಣ ಎಂದು ಹತ್ತಿಗೆ ಕೊಬ್ಬರಿ ಎಣ್ಣೆ ಅದ್ದಿ, ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಿವಿ ಮಡಚಿದೆ. ಕಿಟಕಿಯ ಬಿಸಿಲು ನೇರವಾಗಿ ಅಲ್ಲಿ ಬಿದ್ದಿತ್ತು. ಕಾಡಿಗೆ ಇಷ್ಟು ಬೂದುಬಣ್ಣವಿರುತ್ತದೆಯೇ? ಹೀಗೆ ಉಬ್ಬಿರುತ್ತದೆಯೇ? ಇನ್ನೂ ಹತ್ತಿ ತಾಗಿಸಿರಲಿಲ್ಲ, ನನ್ನ ಬೆರಳಷ್ಟೇ ಅಂಚಿಗೆ ತಗುಲಿತು. ಬೊಟ್ಟಿನ ಬುಡದಲ್ಲಿ ಏನೋ ಮಿಸುಕಿತು. ಕೂದಲೆಳೆಯಷ್ಟು ತೆಳ್ಳಗಿನದು, ಒಂದಲ್ಲ, ಹಲವು, ಒಟ್ಟಿಗೆ.

ಬೊಟ್ಟಿಗೆ ಕಾಲುಗಳಿದ್ದವು.

ನಾನು ಕಿರುಚಿದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಎಣ್ಣೆಯ ಬಟ್ಟಲು ಉರುಳಿ ಫರಸಿಯ ಮೇಲೆ ಹರಿದದ್ದನ್ನು, ಅದರಲ್ಲಿ ಕಿಟಕಿಯ ಸರಳುಗಳ ನೆರಳು ಅಲುಗಿದ್ದನ್ನು ಮಾತ್ರ ಸ್ಪಷ್ಟವಾಗಿ ಕಂಡೆ. ಎದೆ ನಿಂತಂತಾದಾಗ ಕಣ್ಣು ಯಾಕೆ ಇಂಥ ಬೇಡದ ವಿವರಗಳನ್ನು ಹೆಕ್ಕುತ್ತದೆಯೋ, ನಿಮಗೂ ಹಾಗೆ ಆಗಿದ್ದರೆ ನೀವೇ ಹೇಳಬೇಕು. ಅತ್ತೆಯವರು ಹಿಟ್ಟು ಮೆತ್ತಿದ ಕೈಯಲ್ಲಿಯೇ ಓಡಿ ಬಂದರು.

"ಏನಾತ? ಕೂಸು ಬಿತ್ತೇನು?"

"ಅತ್ತ್ಯಾರ, ನೀವು ಹಚ್ಚಿದ ಬೊಟ್ಟು... ಅದು ಬೊಟ್ಟಲ್ರಿ."

"ನಾ ಎಲ್ಲಿ ಹಚ್ಚೀನಿ? ನೀನ ಹಚ್ಚೀದಿ ಅಲ್ಲ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನಡುವೆ, ನನ್ನ ತೊಡೆಯ ಮೇಲೆ, ಅನಘಾ ತನ್ನ ಕಾಲಿನ ಹೆಬ್ಬೆರಳನ್ನು ಹಿಡಿದು ಹಾಡುತ್ತಿದ್ದಳು. ಅತ್ತೆಯವರು ಕನ್ನಡಕ ತಂದು ಬಾಗಿ ನೋಡಿ, ಎರಡು ಹೆಜ್ಜೆ ಹಿಂದೆ ಸರಿದರು.

"ಅಯ್ಯಯ್ಯ, ಉಣ್ಣಿ ಅದ ಇದು! ಕುರೀದು! ನನ್ನ ಕೂಸಿನ ರಕ್ತ ಕುಡದು ಊದೇದ!"

ಗದ್ದಲ ಕೇಳಿ ಕೆಳಗಿನ ಮನೆಯ ಗಿರಿಜಕ್ಕ ಮೇಲೆ ಬಂದರು. ಊರಲ್ಲಿ ಎಮ್ಮೆ ಕಟ್ಟಿ ಬೆಳೆದವರು; ಅವರಿಗೆ ನಮ್ಮ ಮುಖಗಳನ್ನು ಕಂಡು ನಗು.

"ಒಂದು ಉಣ್ಣಿಗೆ ಇಷ್ಟು ರಂಪೇನ್ರಿ? ನಮ್ಮ ತವರಮನ್ಯಾಗ ಎಮ್ಮಿ ಮೈಯಾಗಿಂದು ದಿನಾ ಕೀಳತಿದ್ವಿ. ಊದಿನಕಡ್ಡಿ ಹಚ್ಚಿ ಚುರ್ರ್ ಅನಸ್ರಿ, ತಾನ ಉದರಿ ಬೀಳತೈತಿ."

"ನನ್ನ ಮಗಳು ಎಮ್ಮಿ ಅಲ್ರಿ ಗಿರಿಜಕ್ಕ," ಎಂದೆ.

"ಸುಡೂದು ಬ್ಯಾಡ," ಅತ್ತೆಯವರೆಂದರು, "ಚಿಮಣಿ ಎಣ್ಣಿ ಒಂದು ಹನಿ ಬಿಡೂಣ, ಉಸಿರು ಕಟ್ಟಿ ಬಿಡ್ತದ."

"ಚಿಮಣಿ ಎಣ್ಣಿ ಈಗ ಎಲ್ಲಿ ಸಿಗತೈತ್ರಿ ಅಮ್ಮಾ? ಗ್ಯಾಸ್ ಬಂದು ಯಾವ ಕಾಲ ಆತು!"

ಇಬ್ಬರೂ ಸೀಮೆಎಣ್ಣೆಯ ಕಾಲದ ಬಗ್ಗೆ ಮಾತಿಗೆ ತೊಡಗುವಷ್ಟರಲ್ಲಿ ನನ್ನ ಉಗುರುಗಳು ತಾವಾಗಿಯೇ ಅದರ ಕಡೆ ಚಾಚಿದ್ದವು. ಕಿತ್ತೆಸೆದುಬಿಡಬೇಕು, ಈ ಕ್ಷಣ. ಅದೇಕೋ ತಡೆದು, ಡಾಕ್ಟರಮ್ಮನಿಗೆ ಫೋನು ಮಾಡಿದೆ. "ಏನೂ ಹಚ್ಚಬ್ಯಾಡ್ರಿ, ಸುಡಬ್ಯಾಡ್ರಿ, ಉಗುರಲೆ ಹಿಂಡಬ್ಯಾಡ್ರಿ. ಹಿಂಡಿದ್ರ ಅದರ ಹೊಟ್ಟ್ಯಾಗಿಂದು ಕೂಸಿನ ಮೈಯಾಗ ಹೋಗ್ತದ. ಹಂಗ ಕರ್ಕೊಂಡ ಬರ್ರಿ," ಎಂದರು. ಗಿರಿಜಕ್ಕನ ಕೈಯಲ್ಲಿ ಆಗಲೇ ಹೊತ್ತಿಕೊಂಡಿದ್ದ ಊದಿನಕಡ್ಡಿ ಕೊನೆಗೆ ದೇವರಿಗೇ ಸಂದಿತು.

ಆಟೋದಲ್ಲಿ ಅನಘಾಳ ತಲೆ ನನ್ನ ಎದೆಗೆ ಆನಿಕೊಂಡಿತ್ತು. ಎಡಗಿವಿ ನನ್ನ ಕಣ್ಣೆದುರೇ. ಬೇರೆಡೆ ನೋಡಲು ಆಗುತ್ತಿರಲಿಲ್ಲ, ಅದನ್ನೇ ನೋಡಲೂ ಆಗುತ್ತಿರಲಿಲ್ಲ. ಅವಳಿಗೆ ನೋವಿಲ್ಲ ಎಂಬುದೇ ನನ್ನನ್ನು ಹೆಚ್ಚು ನಡುಗಿಸಿತು. ಮುಳ್ಳು ಚುಚ್ಚಿದರೆ ಕೂಸು ಅಳುತ್ತದೆ, ಇರುವೆ ಕಚ್ಚಿದರೆ ಮನೆಯೇ ಹಾರುವಂತೆ ಕೂಗುತ್ತದೆ, ನಾವು ಓಡುತ್ತೇವೆ. ಇದು ಹಾಗಲ್ಲ. ಕಚ್ಚುವ ಜಾಗವನ್ನು ಮೊದಲು ಮರಗಟ್ಟಿಸಿ, ತುರಿಕೆಯನ್ನೂ ಕೊಡದೆ, ಅತಿಥಿಯಂತೆ ಕುಳಿತು ಉಣ್ಣುತ್ತದೆ. ಅಳು ಎಂಬ ಕಾವಲುಗಾರನನ್ನು ಮಲಗಿಸಿಬಿಟ್ಟರೆ ತಾಯಿಗೆ ಉಳಿಯುವುದು ಎರಡು ಕಣ್ಣುಗಳು ಮಾತ್ರ. ಆ ಕಣ್ಣುಗಳು ಅದನ್ನು ದಿನವೂ ಕಂಡಿದ್ದವು! ಮರೆಯಲ್ಲಿದ್ದದ್ದನ್ನು ಕಾಣದೆ ಹೋಗುವುದು ಬೇರೆ. ಕಣ್ಣೆದುರು ಇದ್ದದ್ದಕ್ಕೆ ನಾವೇ ಒಂದು ಹೆಸರಿಟ್ಟು, ಹೆಸರಿನ ನೆರಳಲ್ಲಿ ಅದನ್ನು ಸಾಕಿದ್ದೆವು. ಕೂಸನ್ನು ಕಾಯಲೆಂದು ಹುಟ್ಟಿದ ಬೊಟ್ಟಿನ ವೇಷವೇ ಅದಕ್ಕೆ ಕಾವಲಾಗಿತ್ತು.

ಅತ್ತೆಯವರು ಇಳಕಲ್ ಸೀರೆಯ ಸೆರಗಿನಿಂದ ಕೂಸಿನ ಕಾಲನ್ನು ಮುಚ್ಚಿ, ರಸ್ತೆಯನ್ನೇ ನೋಡುತ್ತ ಕುಳಿತಿದ್ದರು. ಆಟೋ ತಿರುವಿನಲ್ಲಿ ನಿಂತಾಗ, ನನ್ನ ಕಡೆ ತಿರುಗದೆ ಮಾತಾಡಿದರು.

"ಬುಧವಾರ ಮುಂಜಾನೆ ಕಂಡಿತ್ತವಾ ನನಗ. ಕನ್ನಡಕ ಇರಲಿಲ್ಲ. ನೀ ಹಚ್ಚೀದಿ ಅಂತ ತಿಳಕೊಂಡೆ."

ನಾನು ಕೂಸಿನ ಕೂದಲನ್ನು ಕಿವಿಯಿಂದ ಆಚೆ ಸರಿಸಿದೆ.

"ಮತ್ತ ಮರುದಿನ ದೊಡ್ಡದಿತ್ತು. ನನ್ನ ಮಾತು ಹುಡುಗಿ ಮನಸಿಗೆ ಹತ್ತೇದ, ಕೇಳಿದ್ರ ನಾಚಿ ಬಿಟ್ಟಾಳು ಅಂತ ಕೇಳಲಿಲ್ಲ. ಭಾಳ ಹಿಗ್ಗಿದ್ದೆ ನಾ."

ಶೇಂಗಾ ಹೋಳಿಗೆ! ನನ್ನ ತಾಟಿನ ತುಪ್ಪ! ಆ ಕ್ಷಣ ನನಗೆ ಬಿದ್ದ ಪೆಟ್ಟು, ಬೊಟ್ಟಿಗೆ ಕಾಲು ಕಂಡಾಗಿನದಕ್ಕಿಂತ ಕಡಿಮೆಯದಾಗಿರಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಕೂಸಿನ ಒಂದೇ ಕಿವಿಯ ಹಿಂದೆ ಒಂದೇ ಕಪ್ಪನ್ನು ನೋಡಿ, ಒಬ್ಬಳು ಕುದಿಯುತ್ತ, ಇನ್ನೊಬ್ಬರು ಹಿಗ್ಗುತ್ತ, ಇಬ್ಬರೂ ಸೌಜನ್ಯದಿಂದ ಬಾಯಿ ಮುಚ್ಚಿಕೊಂಡಿದ್ದೆವು. ಆ ಸೌಜನ್ಯದ ನಡುವೆ ಅದು ಹೊಟ್ಟೆ ತುಂಬ ಉಂಡಿತ್ತು.

"ನಾನು ನೀವು ಹಚ್ಚೀರಿ ಅಂತ ಸಿಟ್ಟಾಗಿದ್ದೆ, ಅತ್ತ್ಯಾರ," ಎಂದೆ.

"ಗೊತ್ತಾತು ಬಿಡು ಈಗ," ಎಂದರು. ಕೂಸಿನ ಕಾಲ ಮೇಲಿನ ಸೆರಗನ್ನು ಸರಿಪಡಿಸುತ್ತ, "ಸಿಟ್ಟಿಗೆದ್ದು ಒಂದು ಮಾತು ಬೈದಿದ್ರ ಆವತ್ತ ಸಿಗ್ತಿತ್ತಲ್ಲವಾ ಇದು," ಎಂದರು.

ದವಾಖಾನೆಯಲ್ಲಿ ಅನಘಾಳನ್ನು ಅಜ್ಜಿಯ ತೊಡೆಯ ಮೇಲೆ ಮಲಗಿಸಿದೆವು. ಡಾಕ್ಟರಮ್ಮ ತುದಿ ಸಣ್ಣಗಿರುವ ಚಿಮಟಿಗೆಯನ್ನು ಚರ್ಮಕ್ಕೆ ತೀರ ಹತ್ತಿರ ಇಳಿಸಿ, ಅದರ ಹೊಟ್ಟೆಯನ್ನು ಮುಟ್ಟದೆ, ಬಾಯಿಯ ಹತ್ತಿರ ಹಿಡಿದು, ತಿರುಚದೆ, ಜಗ್ಗಾಡದೆ, ಒಂದೇ ಸಮ ಮೇಲಕ್ಕೆ ಎಳೆದರು. ಮಗಳ ಎಳೆಯ ಚರ್ಮ ಸಣ್ಣ ಗುಡಾರದಂತೆ ಎದ್ದಿತು. ಅದು ಬಿಡಲೊಲ್ಲದು. ಇಷ್ಟು ಸಣ್ಣ ಜೀವಕ್ಕೆ ಎಷ್ಟು ಹಿಡಿತ! ಅತ್ತೆಯವರ ಕಣ್ಣಿಂದ ನೀರು ಇಳಿದು ಮೂಗಿನ ತುದಿಗೆ ಬಂದು ನಿಂತಿತು. ಎರಡೂ ಕೈ ಕೂಸಿನ ತಲೆಯನ್ನು ಹಿಡಿದಿದ್ದರಿಂದ ಒರೆಸಿಕೊಳ್ಳಲಿಲ್ಲ.

"ಅಜ್ಜಿ, ಕೂಸು ನೋಡ್ರಿ ಹೆಂಗ ಗಪ್ಪ ಮಲಗೇದ. ನಿಮಗ ಒಂದು ಚಾಕಲೇಟ್ ಕೊಡಬೇಕೇನು?" ಎಂದು ಡಾಕ್ಟರಮ್ಮ ಅನ್ನುತ್ತಿರುವಾಗಲೇ ಚರ್ಮ ಸಡಿಲಾಗಿ ಕೆಳಗಿಳಿಯಿತು. ಬಿಳಿಯ ಬಟ್ಟೆಯ ಮೇಲೆ ಅದನ್ನು ಇಟ್ಟು ದೀಪದ ಕೆಳಗೆ ನೋಡಿ, "ಬಾಯಿ ಸಹಿತ ಬಂದದ," ಎಂದರು. ಗಾಯವನ್ನು ಸಾಬೂನಿನಿಂದ ತೊಳೆದು ಔಷಧಿ ಹಚ್ಚಿದರು. "ಬಹುಶಃ ಏನೂ ಆಗಂಗಿಲ್ಲ. ಆದ್ರ ಇನ್ನ ಕೆಲವು ವಾರ ನಿಗಾ ಇಡ್ರಿ. ಜ್ವರ ಬಂತು, ಮೈಮ್ಯಾಲೆ ಗುಳ್ಳಿ ಎದ್ದಾವು, ಊಟ ಒಲ್ಲೆ ಅಂದು ಮಂಕಾತು, ಅಂದ್ರ ಮನಿಮದ್ದು ಮಾಡ್ಕೋತ ಕೂಡಬ್ಯಾಡ್ರಿ. ಉಣ್ಣಿ ಕಡದಿತ್ತು ಅಂತ ಮೊದಲ ಹೇಳ್ರಿ."

ಬಹುಶಃ! ಈ ಶಬ್ದದಷ್ಟು ಉದ್ದವಾದ ಶಬ್ದ ಕನ್ನಡದಲ್ಲಿ ಮತ್ತೊಂದಿಲ್ಲ. ಅದರಲ್ಲಿ ವಾರಗಟ್ಟಲೆ ವಾಸಿಸಬಹುದು. ನಾವು ವಾಸಿಸಿದೆವು. ಹಣೆ ಮುಟ್ಟುವುದೇ ಮನೆಯ ಕೆಲಸವಾಯಿತು. ಆದರೆ ಈಗ ಪ್ರತಿಯೊಂದಕ್ಕೂ ಬಾಯಿ ಬಂದಿತ್ತು. "ನಾ ಮುಟ್ಟಿ ನೋಡೀನವಾ, ತಣ್ಣಗದ," ಎಂದು ಅವರು ಕೋಣೆಯಿಂದ ಕೂಗುವರು. "ತಡೀರಿ, ನಾನೂ ನೋಡ್ತೀನಿ," ಎಂದು ನಾನು ಹೋಗುವೆ. "ನನ್ನ ಕೈ ಮ್ಯಾಲೆ ನಂಬಿಗಿ ಇಲ್ಲೇನು?" "ಇಲ್ರಿ." "ನಿನ್ನ ಕೈ ಮ್ಯಾಲೆ ನನಗೂ ಇಲ್ಲ, ಸರಿ, ನಾ ಮತ್ತ ನೋಡ್ತೀನಿ." ಒಂದು ಮಧ್ಯಾಹ್ನ ನಿದ್ದೆಯಿಂದೆದ್ದ ಅನಘಾಳ ಹಣೆ ಕಾದಂತಿತ್ತು. ಇಬ್ಬರೂ ಥರ್ಮಾಮೀಟರು ತರಲು ಓಡಿದೆವು. ಅದು ಏನೂ ಇಲ್ಲವೆಂದಿತು. ಆ ಬಿಸಿಲಲ್ಲಿ ಅವಳು ದುಪ್ಪಟಿಯ ಒಳಗೆ ತೂರಿ ಮಲಗಿದ್ದಳು, ಅಷ್ಟೇ. ಅತ್ತೆಯವರು ದುಪ್ಪಟಿಗೆ ಬೈದರು. ನಾನೂ ಎರಡು ಮಾತು ಸೇರಿಸಿದೆ. ಬೈಯುವುದು ನಾನೆಣಿಸಿದಷ್ಟು ಕಷ್ಟವಲ್ಲ.

ಡಾಕ್ಟರಮ್ಮ ಹೇಳಿದ ವಾರಗಳು ಜ್ವರವಿಲ್ಲದೆ ಕಳೆದವು. ಗಾಯದ ಕೆಂಪು ಮಾಸಿತು. ನಮ್ಮ ಹುಡುಕಾಟ ಮಾತ್ರ ನಿಲ್ಲಲಿಲ್ಲ. ಸಂಜೆಗೆ ಕೈಕಾಲು ತೊಳೆಸಿದ ಮೇಲೆ ಕಿವಿಯ ಹಿಂದೆ, ಕಂಕುಳಲ್ಲಿ, ಮೊಣಕಾಲಿನ ಮಡಿಕೆಯಲ್ಲಿ, ನೆತ್ತಿಯ ಬೈತಲೆಯಲ್ಲಿ ಇಬ್ಬರೂ ನೋಡುತ್ತೇವೆ. ಅನಘಾ ಇದನ್ನೊಂದು ಆಟವೆಂದು ತಿಳಿದು, ಮೊನ್ನೆಯಿಂದ ನಮ್ಮನ್ನೂ ಕೂರಿಸಲು ತೊಡಗಿದ್ದಾಳೆ. ಮೊದಲು ಅಜ್ಜಿಯ ಸರದಿ. ಕುತ್ತಿಗೆ ಬಾಗಿಸಿ, ಬುಗುಡಿಯ ತೂತು ಹಿಡಿದು ಜಗ್ಗಿ, ಕಿವಿಯ ಹಿಂದೆ ಇಣುಕಿ, "ಇಲ್ಲ" ಎಂದು ತೀರ್ಪು ಕೊಟ್ಟಳು. ಆಮೇಲೆ ನನ್ನ ಹತ್ತಿರ ಬಂದಳು. ಕೂದಲು ಸರಿಸಿದಳು. ಅವಳ ಉಸಿರು ನನ್ನ ಕತ್ತಿಗೆ ಬೆಚ್ಚಗೆ ತಾಗಿತು.

"ಅದ!" ಎಂದಳು.

ಅತ್ತೆಯವರು ಎದ್ದು ಕನ್ನಡಕ ಹಾಕಿಕೊಂಡು ನನ್ನ ಹಿಂದೆ ಬಂದು ನಿಂತರು. ಕಿವಿ ಮಡಚಿದರು. ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಂಡು ಆ ಜಾಗವನ್ನು ಮೆಲ್ಲಗೆ ತಿಕ್ಕಿದರು, ತಡೆದರು, ಇನ್ನೊಮ್ಮೆ ತಿಕ್ಕಿದರು.

"ಮಚ್ಚಿ ಅದವಾ," ಎಂದರು. "ಹುಟ್ಟಾ ಬಂದದ್ದು. ನಿನಗ ಗೊತ್ತಿರಲಿಲ್ಲೇನು?"

ಗೊತ್ತಿರಲಿಲ್ಲ. ಕನ್ನಡಿಗೆ ಕಾಣದ ಜಾಗ ಅದು. ನನ್ನವ್ವ ನನ್ನ ಜಡೆ ಹೆಣೆಯುವುದನ್ನು ಬಿಟ್ಟ ಮೇಲೆ ಯಾರೂ ಅಲ್ಲಿ ನೋಡಿದವರಿಲ್ಲ. ಇಲ್ಲವೆನ್ನುವಂತೆ ತಲೆ ಅಲ್ಲಾಡಿಸಿದೆ. ಅತ್ತೆಯವರು ಕಿವಿಯನ್ನು ಬಿಡಲಿಲ್ಲ.

"ಅಲ್ಲಾಡಬ್ಯಾಡ," ಎಂದರು, "ಆ ಕಡೀದೂ ನೋಡ್ತೀನಿ."